ಅತ್ತೆಯ ಕಸೂತಿಗೆ ಜಪಾನಿನ ಕಾಗದ

ರಾಜಾಜಿನಗರ, ಹೊರಡುವ ಮುನ್ನ

ಫಾಯಿಲ್ ಅಂದರೆ ನನಗೆ ಪ್ರಾಣ. ಬಿಸಿ ಅಚ್ಚು ಒತ್ತಿದಾಗ ಕಾಗದಕ್ಕೆ ಅಂಟಿಕೊಳ್ಳುವ ಆ ಮಿಂಚಿನ ಹಾಳೆಯನ್ನು ಇಪ್ಪತ್ತೆಂಟು ವರ್ಷಗಳಿಂದ ದಿನಾ ನೋಡುತ್ತಿದ್ದರೂ ನನಗೆ ಸಾಕಾಗಿಲ್ಲ. ರಾಜಾಜಿನಗರದ ನಮ್ಮ ಪುಟ್ಟ ಅಂಗಡಿಗೆ ಲಗ್ನಪತ್ರಿಕೆ ಮಾಡಿಸಲು ಬಂದವರು “ಸಿಂಪಲ್ಲಾಗಿರ್ಲಿ ಆಂಟಿ” ಅಂದರೆ ನನ್ನ ಮುಖ ಬಾಡುತ್ತದೆ. ಗಣೇಶನ ಕಿರೀಟಕ್ಕೆ ಫಾಯಿಲ್, ವಧೂವರರ ಹೆಸರಿಗೆ ಫಾಯಿಲ್, ಒಮ್ಮೆ ಉತ್ಸಾಹದಲ್ಲಿ ‘ವಾಹನ ನಿಲುಗಡೆಗೆ ಜಾಗವಿದೆ’ ಎಂಬ ಸಾಲಿಗೂ ಹೊಡೆಸಿಬಿಟ್ಟಿದ್ದೆ. ನನ್ನ ಗಂಡ ಆ ಪತ್ರಿಕೆಯನ್ನು ಇಂದಿಗೂ ಬಂದವರಿಗೆಲ್ಲ ತೋರಿಸಿ ನಗುತ್ತಾರೆ.

ಅಂಥ ನನಗೆ ಮೂರು ವರ್ಷದ ಹಿಂದೆ ಮನೆಯಲ್ಲೇ ಮುಖಭಂಗವಾಯಿತು. ನಮ್ಮತ್ತೆ ಇಳಕಲ್ಲಿನವರು. ಎಂಬತ್ತೆರಡರ ವಯಸ್ಸಿನಲ್ಲೂ ಬಸವೇಶ್ವರನಗರದ ನಮ್ಮ ಮನೆಯ ಕಿಟಕಿ ಪಕ್ಕ ಕೂತು ಕಸೂತಿ ಹಾಕುತ್ತಾರೆ. ಯಾವ ಸೀರೆ ಮುಗಿಸಿದರೂ ಸೆರಗಿನ ಮೂಲೆಗೆ ಉಗುರಿನಷ್ಟು ಒಂದು ಗೋಪುರ ಹಾಕಿ ಎತ್ತಿಡುತ್ತಾರೆ. ಅದೇ ಅವರ ರುಜು. ಹುಡುಗಿಯಾಗಿದ್ದಾಗ ಅವರು ಕಲಿಯಲು ಹಿಡಿದ ಒಂದು ಕಪ್ಪು ಬಟ್ಟೆ ಇದೆ. ಗೋಪುರ, ತುಳಸಿಕಟ್ಟೆ, ಆನೆ, ಗಿಳಿ, ತೊಟ್ಟಿಲು ಎಲ್ಲ ಸೇರಿ ಅದರಲ್ಲಿ ಅರವತ್ತು ಚಿತ್ತಾರ. ನಾನು ಕಸೂತಿ ಕಲಿಯಲಿಲ್ಲ. ಎಳೆ ಎಣಿಸುವ ತಾಳ್ಮೆ ನನ್ನ ಜಾಯಮಾನದಲ್ಲಿಲ್ಲ. ಆದರೆ ಆ ಬಟ್ಟೆಯನ್ನು ಪುಸ್ತಕ ಮಾಡುವ ಹುಚ್ಚು ಮಾತ್ರ ಚೆನ್ನಾಗಿ ಹತ್ತಿತು.

ಹೊಳಪಿನ ಕಾಗದ, ಪ್ರತಿ ಪುಟಕ್ಕೂ ಬಂಗಾರದ ಅಂಚು, ರಟ್ಟಿನ ಮೇಲೆ ಕಾಮನಬಿಲ್ಲಿನ ಫಾಯಿಲ್. ಮೊದಲ ಪ್ರತಿಯನ್ನು ಅತ್ತೆಯ ಕೈಯಲ್ಲಿಟ್ಟೆ. ಅವರು ಒಂದು ಹಾಳೆ ತಿರುವಿದರು, ಅದರ ಬೆನ್ನಿನ ಮೇಲೆ ಅಂಗೈ ಆಡಿಸಿದರು. ಇನ್ನೊಂದು ತಿರುವಿದರು, ಮತ್ತೆ ಅಂಗೈ ಆಡಿಸಿದರು. ಮೂರನೆಯದಕ್ಕೆ ಪುಸ್ತಕ ಮುಚ್ಚಿ “ಹೂಂ” ಅಂದರು.

“ಚಂದ ಐತವ್ವಾ. ಆದ್ರ ಇದು ನಂದಲ್ಲ. ನನ್ನ ಹೆಸರು ತಗದುಬಿಡು.”

ಪುಸ್ತಕ ಟೀವಿಯ ಕೆಳಗಿನ ಕಪಾಟು ಸೇರಿತು. ನಾನು ಎರಡು ದಿನ ಅತ್ತೆಯೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಕಾಫಿ ಕೊಡುವಾಗ ಅವರೇ ಕೇಳಿದರು: “ಸಿಟ್ಟು ಇಳೀತೇನು? ಇನ್ನೊಮ್ಮಿ ಮಾಡು. ನಂದು ಅನಿಸಿದ್ರ ಹೆಸರು ಹಾಕೂಣು. ಇಲ್ಲಂದ್ರ ಬ್ಯಾಡ.” ಎಲ್ಲಿ ತಪ್ಪಿತು ಎಂದು ಕೇಳಿದರೆ ಹೇಳುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಕಾಗದ ಇನ್ನೂ ದಪ್ಪ ಬೇಕು, ಮಿಂಚು ಇನ್ನೂ ಹೆಚ್ಚು ಬೇಕು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡೆ.

ಕ್ಯೋಟೊದ ಹಿಸಾಕೊ ನಮ್ಮ ಅಂಗಡಿಗೆ ಬಂದದ್ದು ಆಮೇಲೆ. ಕೈಯಲ್ಲೇ ಪುಸ್ತಕ ಹೊಲಿಯುವ ಕಸುಬು ಅವರದು. ಬೆಂಗಳೂರಿಗೆ ಯಾವುದೋ ಕಮ್ಮಟಕ್ಕೆ ಬಂದವರು ಲಗ್ನಪತ್ರಿಕೆ ನೋಡುವ ಆಸೆಯಿಂದ ಒಳಗೆ ಕಾಲಿಟ್ಟು ಎರಡು ಗಂಟೆ ಕೂತರು. ಅತ್ತೆಯ ಬಟ್ಟೆಯ ಫೋಟೊ ನೋಡಿ ಅವರ ಕಣ್ಣು ಅರಳಿತು. “ಕಾಗದ, ಬಂಗಾರ, ಹೊಲಿಗೆ, ಮೂರನ್ನೂ ನಾನು ತೋರಿಸುತ್ತೇನೆ, ಬನ್ನಿ” ಎಂದರು ಇಂಗ್ಲಿಷಿನಲ್ಲಿ. ಬಾಯಿಮಾತಿಗೆ ಕರೆದರೂ ಹೊರಟು ನಿಲ್ಲುವವಳು ನಾನು. ಜೊತೆಗೆ ನಾದಿನಿ ಶೈಲಾ. ಅವಳು ವಿಜಯನಗರದ ಶಾಲೆಯೊಂದರಲ್ಲಿ ಗಣಿತದ ಮೇಡಂ. ಅವ್ವನ ಅರವತ್ತೂ ಚಿತ್ತಾರಗಳನ್ನು ಎಳೆ ಎಣಿಸಿ ಗ್ರಾಫ್ ಹಾಳೆಗೆ ಇಳಿಸಿದವಳು ಅವಳೇ.

ಹೊರಡುವ ದಿನ ಅತ್ತೆ ಆ ಕಪ್ಪು ಬಟ್ಟೆಯನ್ನೇ ಪೆಟ್ಟಿಗೆಯಿಂದ ತೆಗೆದು ನನ್ನ ಕೈಗಿಟ್ಟರು. “ಫೋಟೊ ತೋರಿಸಿದ್ರ ಏನು ತಿಳೀತದ? ಇದನ್ನ ತೋರ್ಸು.” ಅರವತ್ತೆಂಟು ವರ್ಷದ ಬಟ್ಟೆ. ನಾನು ಅದನ್ನು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದೆ.

ಎಚಿಜೆನ್, ಕಾಗದದ ಊರು

ಎಚಿಜೆನ್‌ಗೆ ಹೋಗುವ ರೈಲಿನಲ್ಲಿ ಒಂದು ಪಿಸುಮಾತೂ ಇಲ್ಲ. ಅಷ್ಟು ಜನರಿದ್ದ ಬೋಗಿಯಲ್ಲಿ ನನ್ನ ಬಳೆಯ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಅಂಥಲ್ಲಿ ಶೈಲಾಳ ಫೋನ್ ಹೊಡೆದುಕೊಂಡಿತು. “ಹಲೋ! ಅವ್ವಾ! ಕೇಳಸ್ತದೇನು? ಹಾಂ, ಮುಟ್ಟಿದ್ವಿ!” ಇಡೀ ಬೋಗಿ ಅಲ್ಲಾಡಿತು. ಯಾರೂ ಬೈಯಲಿಲ್ಲ, ತಿರುಗಿಯೂ ನೋಡಲಿಲ್ಲ. ಅದಕ್ಕೇ ಇನ್ನೂ ನಾಚಿಕೆಯಾಯಿತು. ಕೆಂಗೇರಿ ಮೆಟ್ರೋದಲ್ಲಿ ಆಗಿದ್ದರೆ ಪಕ್ಕದ ಸೀಟಿನವರು ಎಲ್ಲಿಗೆ ಮುಟ್ಟಿದಿರಿ ಎಂದು ಕೇಳಿ ಅಲ್ಲಿಗೆ ಬೇರೆ ದಾರಿಯನ್ನೂ ಹೇಳಿಕೊಡುತ್ತಿದ್ದರು. ನಮ್ಮನ್ನು ಕರೆದೊಯ್ಯುತ್ತಿದ್ದ ಹಿಸಾಕೊ ಮೆಲ್ಲಗೆ ಎದ್ದು ಶೈಲಾಳನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋದರು. ಫೋನಿನಲ್ಲಿ ಮಾತಾಡುವುದಿದ್ದರೆ ಅಲ್ಲಿ ನಿಂತು ಮಾತಾಡಬೇಕಂತೆ.

ಬೆಟ್ಟದ ತಪ್ಪಲಿನ ಹಳ್ಳಿ. ಮನೆಗಳ ಪಕ್ಕದಲ್ಲೆಲ್ಲ ಕಿರುಗಾಲುವೆ, ಊರ ತುಂಬ ನೀರಿನ ಸದ್ದು. ಶೈಲಾ ಗಕ್ಕನೆ ನಿಂತಳು. “ವೈನಿ, ಯಾರೋ ಮೋಟ್ರು ಆಫ್ ಮಾಡಿಲ್ಲ ನೋಡಿ, ಸಂಪ್ ತುಂಬಿ ಹರೀತಾ ಇದೆ.” ಬಸವೇಶ್ವರನಗರದ ಕಿವಿ ಅದು, ಏನು ಮಾಡುವುದು. ಆ ನೀರಿದ್ದದ್ದಕ್ಕೇ ಆ ಊರಲ್ಲಿ ಕಾಗದ ಹುಟ್ಟಿತು ಎಂದು ಹಿಸಾಕೊ ವಿವರಿಸಿದ ಮೇಲೂ ಅವಳು ಎರಡು ಸಲ ಹಿಂದೆ ತಿರುಗಿ ನೋಡಿದಳು.

ಕಾರ್ಖಾನೆ ಎಂದು ನಾನು ಅಂದುಕೊಂಡದ್ದು ಒಂದು ದೊಡ್ಡ ಮನೆಯ ಹಿತ್ತಲು. ಅದರ ಯಜಮಾನಿ ಯೋಶಿಕೊ, ಎಪ್ಪತ್ತರ ಆಸುಪಾಸಿನವರು. ರಬ್ಬರ್ ಬೂಟು, ನೀಲಿ ಏಪ್ರನ್, ಇಂಗ್ಲಿಷ್ ಒಂದಕ್ಷರ ಬಾರದು. ಒಳಗೆ ನಾಲ್ಕು ಹೆಂಗಸರು ಕೊರೆಯುವ ನೀರಿನ ತೊಟ್ಟಿಯ ಮುಂದೆ ಕೂತು ಬೇಯಿಸಿದ ಮರದ ತೊಗಟೆಯ ನಾರಿನಿಂದ ಕರಿ ಚುಕ್ಕೆಗಳನ್ನು ಒಂದೊಂದೇ ಹೆಕ್ಕುತ್ತಿದ್ದರು. ಥೇಟ್ ನಮ್ಮಲ್ಲಿ ಅಕ್ಕಿ ಆರಿಸುವ ಹಾಗೆ. ಶೈಲಾ ಯಾರೂ ಕರೆಯದೆ ಹೋಗಿ ಒಂದು ಸ್ಟೂಲ್ ಎಳೆದು ಕೂತುಬಿಟ್ಟಳು. ಅರ್ಧ ಗಂಟೆಯಲ್ಲಿ ಆ ಹೆಂಗಸರು ಇವಳಿಗೆ ಬೆನ್ನು ತಟ್ಟಿ ಇನ್ನೊಂದು ಮುದ್ದೆ ನಾರು ಕೊಟ್ಟರು. ನಾನು ಕೈ ಹಾಕಿದ್ದು ಎರಡೇ ನಿಮಿಷ. ಬೆರಳು ಮರಗಟ್ಟಿತು, ಎದ್ದುಬಿಟ್ಟೆ.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ಅಲ್ಲಿ ಸಾರಿನಲ್ಲೂ ಮೀನು, ಸೊಪ್ಪಿನಲ್ಲೂ ಮೀನು. ಆದ್ದರಿಂದ ಅತ್ತೆ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯೇ ಗತಿ. ಯೋಶಿಕೊ ಒಂದು ರೊಟ್ಟಿ ಎತ್ತಿಕೊಂಡರು. ತಿನ್ನಲಿಲ್ಲ. ಬೆಳಕಿಗೆ ಹಿಡಿದರು, ಉಗುರಿನಿಂದ ಟಕಟಕ ಬಡಿದು ಕಿವಿಗೊಟ್ಟರು, ಅಂಚನ್ನು ಹೆಬ್ಬೆರಳಿಂದ ಸವರಿದರು. ಆಮೇಲೆ ಹಿಸಾಕೊಗೆ ಗಂಭೀರವಾಗಿ ಏನೋ ಕೇಳಿದರು. “ಇದು ಯಾವ ಗಿಡದ ನಾರು ಅಂತ ಕೇಳುತ್ತಿದ್ದಾರೆ” ಎಂದರು ಹಿಸಾಕೊ. ಜೋಳದ ರೊಟ್ಟಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೆಲ್ಲಿ ಸಿಕ್ಕೀತು! ನಾನು ಮುರಿದು ತಿಂದು ತೋರಿಸಿದೆ. ಯೋಶಿಕೊ ಒಂದು ಚೂರು ಕಡಿದು, ತಲೆಯಾಡಿಸಿ, ಚೆನ್ನಾಗಿ ಒಣಗಿಸಿದ್ದಾರೆ ಎಂದು ಒಪ್ಪಿಕೊಂಡರು.

ಊಟವಾದ ಮೇಲೆ ಕಾಗದದ ದರ್ಶನ. ಮೊದಲು ಬಂದದ್ದು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದದ್ದು. ಕೆಳಗೆ ಕೈ ಇಟ್ಟರೆ ರೇಖೆಗಳೆಲ್ಲ ಕಂಡವು. ಎಳೆದರೆ ಹರಿಯುವುದಿಲ್ಲ ಎಂದು ಯೋಶಿಕೊ ಎರಡೂ ಕೈಯಲ್ಲಿ ಜಗ್ಗಿ ತೋರಿಸಿದರು. ನಾನು ನಕ್ಕು ಪಕ್ಕಕ್ಕೆ ಸರಿಸಿದೆ. ಹಿಂದಿನದು ಮುಂದೆ ಕಾಣುವ ಕಾಗದ ಎಂದರೆ ನಮ್ಮ ಕಸುಬಿನಲ್ಲಿ ದರಿದ್ರದ ಕಾಗದ. ಅಂಥದ್ದರಲ್ಲಿ ಲಗ್ನಪತ್ರಿಕೆ ಮಾಡಿದರೆ ಬೀಗರು ಜಗಳಕ್ಕೆ ಬರುತ್ತಾರೆ. ಕೊನೆಗೆ ಬಂತು ನೋಡಿ, ಹಾಲಿನ ಕೆನೆ ಬಣ್ಣದ, ರಟ್ಟಿನಂಥ ದಪ್ಪ ಹಾಳೆ. ಅಂಚು ಕತ್ತರಿಸದೆ ಹಾಗೇ ನಾರುನಾರಾಗಿ ಬಿಟ್ಟದ್ದು. ಕೈಗೆ ತೂಕ ಬಿದ್ದ ಕೂಡಲೇ ನನ್ನ ಎದೆ ಹಿಗ್ಗಿತು. “ಇದೇ! ಇದೇ! ಅರವತ್ತು ಪುಟಕ್ಕೂ ಇದೇ!” ಎಂದು ಕುಣಿದುಬಿಟ್ಟೆ. ಈ ಸಲ ಅತ್ತೆ ಬೇಡ ಎನ್ನಲಿ ನೋಡೋಣ ಎಂದುಕೊಂಡೆ.

ಎಚಿಜೆನ್, ಮರುದಿನ

ಮಾರನೆಯ ಬೆಳಿಗ್ಗೆ ನನ್ನಿಂದ ಒಂದು ಅನಾಹುತವಾಯಿತು.

ಮೇಜಿನ ಮೇಲೆ ಆ ಕೆನೆ ಬಣ್ಣದ ಹಾಳೆಗಳ ಅಟ್ಟಿ ನೀಟಾಗಿ ಕೂತಿತ್ತು. ನಮ್ಮ ಅಂಗಡಿಯಲ್ಲಿ ಹೊಸ ಪತ್ರಿಕೆಯ ಅಟ್ಟಿ ಮೇಜಿಗೆ ಬಂದರೆ ನಾನು ಏನು ಮಾಡುತ್ತೇನೆ? ಮೇಲಿನದರ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತೇನೆ. ಇಪ್ಪತ್ತೆಂಟು ವರ್ಷದ ಅಭ್ಯಾಸ. ಕೈಚೀಲದಲ್ಲಿ ಅರಿಶಿನದ ಡಬ್ಬಿ ಇತ್ತು, ಬೆರಳು ಒದ್ದೆಯಾಗಿತ್ತು, ಮನಸ್ಸು ಹಾರಾಡುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಹಚ್ಚಿ ಕೈ ಮುಗಿದು ಕಣ್ಣು ತೆರೆದರೆ ಎದುರಿಗೆ ಯೋಶಿಕೊ. ಅವರ ಬಾಯಿಂದ “ಆ” ಎಂಬ ಒಂದು ಸಣ್ಣ ಸದ್ದು ಮಾತ್ರ ಬಂತು. ಆ ಅಟ್ಟಿ ನಮ್ಮದಲ್ಲ, ಇನ್ಯಾರಿಗೋ ಅಂದೇ ಕಳಿಸಬೇಕಾದದ್ದು.

“ವೈನಿ! ಏನ್ ಮಾಡಿದ್ರಿ ಇದು?” ಅವ್ವನ ಜೊತೆ ಮಾತಾಡುವಾಗ, ಇಲ್ಲವೇ ಸಿಟ್ಟು ಬಂದಾಗ ಮಾತ್ರ ಶೈಲಾಳ ಬಾಯಲ್ಲಿ ಇಳಕಲ್ಲು ಇಳಿಯುತ್ತದೆ. “ಒಂದೊಂದು ಚುಕ್ಕಿ ಆರಿಸಿ ಮಾಡಿದ ಹಾಳಿ ಅದು! ನಿಮ್ಮ ಕೈ ಸುಮ್ಮಕ ಇರಂಗಿಲ್ಲೇನು?”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರಂತೆಯೇ ಬಗ್ಗಿ ಕ್ಷಮೆ ಕೇಳೋಣವೆಂದು ಬಗ್ಗಿದರೆ ಮೇಜಿನ ಅಂಚು ಹಣೆಗೆ ಬಡಿಯಿತು. ಹೊಸದೇನಾದರೂ ಕೈಗೆ ಬಂದರೆ ಒಳ್ಳೆಯದಾಗಲಿ ಎಂದು ಹೀಗೆ ಮಾಡುವುದು ನಮ್ಮ ಪದ್ಧತಿ ಎಂದು ಹಿಸಾಕೊ ಅವಸರವಾಗಿ ಹೇಳುತ್ತಿದ್ದರು. ಯೋಶಿಕೊ ಕೇಳಿಸಿಕೊಂಡರು. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಆ ಹಾಳೆಯನ್ನು ಎತ್ತಿಕೊಂಡು, ಬನ್ನಿ ಎಂದು ಕೈಸನ್ನೆ ಮಾಡಿ ಹೊರಟರು. ಪೊಲೀಸ್ ಠಾಣೆಗೇ ಇರಬೇಕು ಎಂದು ಶೈಲಾ ಪಿಸುಗುಟ್ಟಿದಳು.

ಹೋದದ್ದು ಊರ ಹಿಂದಿನ ದೇವಸ್ಥಾನಕ್ಕೆ. ಎತ್ತರದ ಮರಗಳ ನಡುವೆ ಪಾಚಿ ಕಟ್ಟಿದ ಮೆಟ್ಟಿಲು, ಮೇಲೆ ಅಲೆ ಅಲೆಯಾದ ಮರದ ಮಾಡು. ಈ ಊರಿಗೆ ಕಾಗದ ಮಾಡುವುದನ್ನು ಕಲಿಸಿಕೊಟ್ಟ ದೇವಿ ಅಲ್ಲಿದ್ದಾಳಂತೆ. ಕಾಗದಕ್ಕೇ ಒಬ್ಬಳು ದೇವಿ! ನಮ್ಮಲ್ಲಿ ಓದುಬರಹಕ್ಕೆ ಸರಸ್ವತಿ ಇದ್ದಾಳೆ, ಆದರೆ ಬರೀ ಕಾಗದಕ್ಕೆಂದೇ ಒಬ್ಬಳನ್ನು ಇಟ್ಟುಕೊಂಡವರನ್ನು ನಾನು ಕಂಡಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಯೋಶಿಕೊ ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟಿ, ಅರಿಶಿನ ಹತ್ತಿದ ಹಾಳೆಯನ್ನು ದೇವಿಗೆ ತೋರಿಸಿ ನನ್ನ ಕೈಗೆ ಕೊಟ್ಟರು. “ಇನ್ನು ಇದು ನಿಮ್ಮದು ಅನ್ನುತ್ತಿದ್ದಾರೆ” ಎಂದರು ಹಿಸಾಕೊ.

ಹೊರಡುವಾಗ ಅತ್ತೆಯ ಬಟ್ಟೆ ತೋರಿಸಿದೆ. ಯೋಶಿಕೊ ಬಟ್ಟೆಗಿಂತ ಮೊದಲು ಅದರ ಪ್ಲಾಸ್ಟಿಕ್ ಕವರು ನೋಡಿ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. ನಾನು ನಕ್ಕು ಸರಿಸಿದ್ದ ಆ ಈರುಳ್ಳಿಸಿಪ್ಪೆ ಕಾಗದದ ದೊಡ್ಡ ಹಾಳೆಯೊಂದನ್ನು ತಂದು, ಬಟ್ಟೆಯನ್ನು ಎಳೆಮಗುವಿನಂತೆ ಅದರಲ್ಲಿ ಸುತ್ತಿ ಕೊಟ್ಟರು. ಪ್ಲಾಸ್ಟಿಕ್ ಕವರನ್ನೂ ಮಡಚಿ ಮಡಚಿ ತ್ರಿಕೋನ ಮಾಡಿ ವಾಪಸ್ ಕೊಟ್ಟರು.

ಕನಜಾವ, ಬಂಗಾರದ ಊರು

ಕನಜಾವದಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಬಂಗಾರವನ್ನು ಬಡಿದು ಬಡಿದು ಹಾಳೆ ಮಾಡುವ ಊರು ಅದು. ನನ್ನ ಜೀವಮಾನವೆಲ್ಲ ನಾನು ಹೊಡೆಸಿದ್ದು ಬಂಗಾರದ ಬಣ್ಣ. ಇಲ್ಲಿ ಅಪ್ಪಟ ಬಂಗಾರ! ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಬ್ಬ ಮುದುಕ ಬಿದಿರಿನ ಚಿಮುಟದಿಂದ ಒಂದು ಹಾಳೆ ಎತ್ತಿ ಇಟ್ಟು, ನಡುವಿಗೆ ‘ಫೂ’ ಎಂದು ಒಂದೇ ಉಸಿರು ಬಿಟ್ಟರು. ಸುಕ್ಕಾಗಿದ್ದ ಬಂಗಾರ ಹಾಸಿಗೆ ಹಾಸಿದಂತೆ ಹರಡಿಕೊಂಡಿತು.

“ಅಬ್ಬಬ್ಬಬ್ಬಾ!” ಎಂದೆ.

ಅನ್ನಬಾರದಾಗಿತ್ತು. ನನ್ನ ಉಸಿರಿಗೆ ಬಂಗಾರ ಎದ್ದು ಹಾರಿ ಶೈಲಾಳ ಕೆನ್ನೆಗೆ ಅಂಟಿತು. ಒರೆಸಲು ಹೋದರೆ ಮೂಗಿಗೂ ಹತ್ತಿತು. ಮುದುಕ ಮೊದಲು ದಂಗಾದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಶೈಲಾ ಮಾತ್ರ ನಗಲಿಲ್ಲ. “ಇನ್ನು ಮುಂದೆ ನೀವು ಬಾಯಿಗೆ ಕರ್ಚೀಫ್ ಕಟ್ಕೊಂಡು ಬನ್ನಿ ವೈನಿ” ಅಂದಳು. ಸಂಜೆ ಬಂಗಾರದ ಹಾಳೆ ಹೊದಿಸಿದ ಐಸ್‌ಕ್ರೀಂ ತಿಂದ ಮೇಲೆ ಅವಳ ಸಿಟ್ಟು ಇಳಿಯಿತು. ಕಾಜು ಬರ್ಫಿಯ ಮೇಲಿನ ಬೆಳ್ಳಿ ಹಾಳೆಗೆ ಇರುವಷ್ಟೇ ರುಚಿ ಇದಕ್ಕೂ, ಅಂದರೆ ಏನೂ ಇಲ್ಲ. ಆದರೂ ನಾನು ಎರಡು ತಿಂದೆ.

ಒಂದು ಕಟ್ಟು ಬಂಗಾರದ ಹಾಳೆಯನ್ನು ಎದೆಗವಚಿಕೊಂಡು ಕ್ಯೋಟೊದ ರೈಲು ಹತ್ತಿದೆ. ರಟ್ಟಿನ ಮೇಲೆ ಒಂದಿಂಚೂ ಬಿಡದೆ ಬಂಗಾರ ಎಂದು ಹಿಸಾಕೊಗೆ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಬಹಳ ಮರ್ಯಾದೆಯಿಂದ ಸುಮ್ಮನಿದ್ದರು.

ಕ್ಯೋಟೊ, ಹೊಲಿಗೆ

ಹಿಸಾಕೊ ಅವರ ಕೆಲಸದ ಮನೆ ಅಗಲಕ್ಕೆ ನಮ್ಮ ಅಂಗಡಿಯಷ್ಟೇ. ಉದ್ದ ಮಾತ್ರ ಮುಗಿಯುವುದೇ ಇಲ್ಲ. ಮಾದರಿಗೆಂದು ಶೈಲಾ ಮೊದಲೇ ಕಳಿಸಿದ್ದ ಎಂಟು ಚಿತ್ತಾರಗಳಿಗೆ ಅವರು ಅಚ್ಚು ಮಾಡಿಸಿಟ್ಟಿದ್ದರು. ಮೊದಲ ದಿನವೇ ಯೋಶಿಕೊ ಅವರಿಂದ ಕೊಂಡು ತಂದ ಕೆನೆ ಬಣ್ಣದ ದಪ್ಪ ಹಾಳೆಗಳ ಮೇಲೆ ಕೆಂಪು ಮಸಿಯಲ್ಲಿ ಒಂದೊಂದನ್ನೇ ಒತ್ತಿದೆವು. ಅಬ್ಬಾ, ಏನು ಚಂದ! ಮಾರನೆಯ ಬೆಳಿಗ್ಗೆ ಹನ್ನೊಂದಕ್ಕೆ, ಅಂದರೆ ನಮ್ಮನೆಯಲ್ಲಿ ಅತ್ತೆ ಕಾಫಿ ಕುಡಿಯುವ ಏಳೂವರೆಗೆ ವಿಡಿಯೋ ಕಾಲ್ ಮಾಡಿದೆ. ಫೋನ್ ಹಿಡಿದವರು ನನ್ನ ಗಂಡ, ಆದ್ದರಿಂದ ಅರ್ಧ ಪರದೆಯಲ್ಲಿ ಅವರ ಹೆಬ್ಬೆರಳು, ಉಳಿದರ್ಧದಲ್ಲಿ ಅತ್ತೆ.

“ನೋಡಿ ಅತ್ತೆ, ನಿಮ್ಮ ಆನೆ!”

ಅತ್ತೆ ಕನ್ನಡಕ ಸರಿಮಾಡಿಕೊಂಡರು. “ಚಂದ ಬಂದೈತಿ. ತಿರುವಿ ತೋರ್ಸು.”

ತಿರುವಿದೆ. ಹಿಂದೆ ಬರೀ ಕೆನೆ ಬಣ್ಣ.

“ಹೂಂ” ಅಂದರು ಅತ್ತೆ.

ಅದೇ ಹೂಂ. ಮೂರು ವರ್ಷದ ಹಿಂದಿನದು. ಕಾಲ್ ಮುಗಿದ ಮೇಲೆ ನಾನು ಆ ಉದ್ದನೆಯ ಮನೆಯ ನೆಲದ ಮೇಲೆ ಕೂತುಬಿಟ್ಟೆ. ಇಷ್ಟು ದೂರ ಬಂದು, ಇಷ್ಟೆಲ್ಲ ಮಾಡಿ, ಮತ್ತೆ ಟೀವಿಯ ಕೆಳಗಿನ ಕಪಾಟೇ ಎಂದು ಅಳು ಬಂತು.

ಶೈಲಾ ಪಕ್ಕದಲ್ಲಿ ಬಂದು ಕೂತಳು. “ವೈನಿ, ಅವ್ವ ಯಾರ ಸೀರೆ ನೋಡಿದ್ರೂ ಮೊದಲು ಸೆರಗು ತಿರುವಿ ಹಿಂದೆ ನೋಡೋದು ಅಲ್ವಾ? ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಇರ್ಬೇಕು. ಹಿಂದೆ ಹರಕುಮುರುಕು ಇದ್ರೆ ಮುಂದೆ ನೋಡೋದೇ ಇಲ್ಲ ಅವ್ವ.”

ಹೌದಲ್ಲ! ಮದುವೆಮನೆಗಳಲ್ಲಿ ಅತ್ತೆ ಯಾರದೋ ಸೆರಗು ಹಿಡಿದು ಮಗುಚುವಾಗ ನಾನು ನಾಚಿಕೆಯಿಂದ ದೂರ ಸರಿದವಳು. ಪುಸ್ತಕದ ಹಾಳೆಯ ಬೆನ್ನ ಮೇಲೆ ಅವರು ಅಂಗೈ ಆಡಿಸಿದ್ದು ಕಣ್ಣಾರೆ ಕಂಡವಳು. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ತಿಳಿಯಲಿಲ್ಲ. ನಾನು ಮುಂದಿನ ಮಿಂಚನ್ನೇ ನೋಡುತ್ತಿದ್ದೆ. ಅವರು ಹಿಂದೆ ಹುಡುಕುತ್ತಿದ್ದರು.

ಶೈಲಾ ಅವ್ವನ ಬಟ್ಟೆಯ ಹಿಂಬದಿಯನ್ನು ಹಿಸಾಕೊಗೆ ತೋರಿಸಲು ಕಟ್ಟು ಬಿಚ್ಚಿದಳು. ಆ ತೆಳು ಕಾಗದ ಜಾರಿ, ಮೇಜಿನ ಮೇಲಿದ್ದ ಆನೆಯ ಚಿತ್ತಾರದ ಮೇಲೆ ಬಿತ್ತು. ಅಡಿಯಲ್ಲಿದ್ದ ಆನೆ ಆ ತೆಳು ಕಾಗದದ ಮೇಲೇ ಅಚ್ಚಾದಂತೆ ಕಂಡಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರು ಮೊದಲು ಎದ್ದೆವೋ ಗೊತ್ತಿಲ್ಲ. ಹಿಸಾಕೊ ಅಚ್ಚಿಗೆ ಮಸಿ ಹಚ್ಚಿದರು, ನಾನು ಆ ಹೊದಿಕೆ ಹಾಳೆಯ ಒಂದು ತುಂಡು ಕತ್ತರಿಸಿದೆ, ಒತ್ತಿದೆವು. ಕೆಂಪು ಮಸಿ ಕಾಗದದೊಳಕ್ಕೆ ಇಳಿಯಿತು. ಎತ್ತಿ ಬೆಳಕಿಗೆ ಹಿಡಿದರೆ ಆನೆ ಬಲಕ್ಕೆ ನಡೆಯುತ್ತಿತ್ತು. ತಿರುವಿದರೆ ಅದೇ ಗೆರೆ, ಅದೇ ಕೆಂಪು, ಆನೆ ಎಡಕ್ಕೆ ನಡೆಯುತ್ತಿತ್ತು! ನಾನು ಕಿರುಚಿದ ಸದ್ದಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. ನಲವತ್ತು ವರ್ಷದ ಅಭ್ಯಾಸವಿರುವ ಹಿಸಾಕೊ ಕೂಡ ಕಾಗದವನ್ನು ತಿರುವಿ ತಿರುವಿ ನೋಡಿ ಮಗುವಿನಂತೆ ನಗುತ್ತಿದ್ದರು. ದರಿದ್ರದ ಕಾಗದ ಎಂದ ನನ್ನ ಬಾಯಿಗೆ ನಾನೇ ಬೈದುಕೊಂಡೆ.

ಆ ಒಂದು ಹಾಳೆಯಿಂದ ಒಂಬತ್ತು ಪುಟ ಬಂದವು. ಎಂಟಕ್ಕೆ ಚಿತ್ತಾರ, ಮೊದಲನೆಯದನ್ನು ಹೆಸರಿಗೆಂದು ಖಾಲಿ ಬಿಟ್ಟೆವು. ಮುಂದಿನ ಹೊದಿಕೆಗೆ ಅರಿಶಿನದ ಹಾಳೆಯೇ ಇತ್ತು, ಹಿಂದಿನದಕ್ಕೆ ಇನ್ನೊಂದು ಕೆನೆ ಬಣ್ಣದ ಹಾಳೆ. ಬಂಗಾರದ ಕಟ್ಟು ಬಿಚ್ಚಿ ಅದರ ಮುಂದೆ ಬಹಳ ಹೊತ್ತು ನಿಂತೆ. ಇಡೀ ಹೊದಿಕೆಗೆ ಹೊಡೆದರೆ ಅತ್ತೆ ಅದನ್ನು ತಿರುವಿ ಕೂಡ ನೋಡುವುದಿಲ್ಲ ಎಂದು ಈಗ ಗೊತ್ತಿತ್ತು. ಸಕ್ಕರೆ ಕಾಯಿಲೆಯವರು ಜಾಮೂನು ಬಿಟ್ಟಷ್ಟೇ ಕಷ್ಟಪಟ್ಟು ಮನಸ್ಸು ಗಟ್ಟಿ ಮಾಡಿಕೊಂಡೆ. ಅರಿಶಿನದ ಬೆರಳು ಬಿದ್ದಲ್ಲಿ ಮಾತ್ರ, ನಾಲ್ಕೇ ಮೂಲೆಗೆ, ಬೊಟ್ಟಿನಷ್ಟು ಬಂಗಾರ. ಹಿಂದಿನ ಹೊದಿಕೆಗೂ ಅಷ್ಟೇ, ಅದೇ ನಾಲ್ಕು ಮೂಲೆಗೆ. ಉಳಿದದ್ದನ್ನು ಕಟ್ಟಿ ಬ್ಯಾಗಿಗೆ ಹಾಕಿದೆ.

ಇನ್ನು ಹೊಲಿಗೆ. ಪುಸ್ತಕದ ಬೆನ್ನಿನ ಹತ್ತಿರ ನಾಲ್ಕು ತೂತು ಮಾಡಿ, ಕೆಂಪು ದಾರ ಪೋಣಿಸಿ, ಹಿಸಾಕೊ ಒಂದು ಬಿಟ್ಟು ಒಂದು ಹೊಲಿಯುತ್ತ ಕೊನೆಯವರೆಗೆ ಹೋದರು. ಆಮೇಲೆ ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ವಾಪಸ್ ಬಂದರು. ಅತ್ತೆಗೆ ಮತ್ತೆ ವಿಡಿಯೋ ಕಾಲ್ ಹಚ್ಚಿದ್ದೆ. ಅವರು ಫೋನನ್ನು ಮಗನ ಕೈಯಿಂದ ಕಿತ್ತುಕೊಂಡರು.

“ಏ, ಇದು ಗವಂತಿ ಐತಲ್ಲಾ! ಆಕಿಗೆ ಯಾರು ಕಲಿಸಿದ್ರು?”

ಯಾರೂ ಕಲಿಸಿಲ್ಲ, ಅಲ್ಲಿ ಪುಸ್ತಕ ಹೊಲಿಯುವುದೇ ಹೀಗಂತೆ ಎಂದೆ. ಅಷ್ಟರಲ್ಲಿ ಹಿಸಾಕೊ ದಾರದ ಎರಡು ತುದಿ ಸೇರಿಸಿ ಗಂಟು ಹಾಕಿ ತೂತಿನೊಳಗೆ ಎಳೆಯಲು ಹೊರಟರು.

“ಗಂಟು ಯಾಕ ಹಾಕ್ತಾಳ? ಬ್ಯಾಡನ್ನು! ಬ್ಯಾಡನ್ನು!”

“ಒಳಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ” ಎಂದರು ಹಿಸಾಕೊ. ನಮ್ಮತ್ತೆಗೆ ಕಾಣುತ್ತದೆ ಎಂದು ನಾನು ಹೇಳಿದೆ. ಅತ್ತೆ ಬಸವೇಶ್ವರನಗರದಲ್ಲಿ ತಮ್ಮ ಸೂಜಿ ತೆಗೆದು, ದಾರದ ತುದಿಯನ್ನು ಹಾಕಿದ ಹೊಲಿಗೆಯ ಅಡಿಯಲ್ಲೇ ಹಿಂದಕ್ಕೆ ನುಸುಳಿಸಿ ಅಡಗಿಸುವುದನ್ನು ತೋರಿಸಿದರು. ಒಬ್ಬರದು ಇಳಕಲ್ಲಿನ ಕನ್ನಡ, ಇನ್ನೊಬ್ಬರದು ಜಪಾನಿ. ನಡುವೆ ನನ್ನ ಇಂಗ್ಲಿಷ್ ಯಾರಿಗೂ ಬೇಕಾಗಲಿಲ್ಲ. ಎರಡು ಸಲ ದಾರ ಜಾರಿ ಬಂತು. ಮೂರನೆಯ ಸಲ ನಿಂತಿತು. ಹಿಸಾಕೊ ಜಗ್ಗಿ ನೋಡಿ, ಫೋನಿಗೆ ಹಣೆ ತಾಗುವಷ್ಟು ಬಗ್ಗಿ ವಂದಿಸಿದರು. ಅತ್ತೆ ಅಲ್ಲಿಂದಲೇ ಕೈ ಮುಗಿದರು.

“ಮುಗಿದ ಪುಸ್ತಕ ತೋರಿಸ್ಲಾ ಅತ್ತೆ?” ಎಂದೆ.

“ಬ್ಯಾಡ. ಕೈಯಾಗ ಹಿಡದು ನೋಡತೀನಿ. ತಗೊಂಡು ಬಾ.”

ಬಸವೇಶ್ವರನಗರ

ಮಾಗಡಿ ರಸ್ತೆಯಲ್ಲಿ ಕ್ಯಾಬ್ ನಿಂತಲ್ಲೇ ನಿಂತಿತ್ತು. ಸುತ್ತ ಹಾರ್ನ್, ಯಾರೋ ಕಿಟಕಿ ಇಳಿಸಿ ಯಾರನ್ನೋ ಬೈಯುತ್ತಿದ್ದರು. ಹತ್ತು ದಿನದ ಮೌನದ ನಂತರ ಕಿವಿಗೆ ಹಿತವಾಯಿತು. ಮಡಿಲಲ್ಲಿ ಪುಸ್ತಕ. ಶೈಲಾ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಅತ್ತೆ ಕೈ ತೊಳೆದುಕೊಂಡು, ಕನ್ನಡಕ ಒರೆಸಿಕೊಂಡು, ಕಿಟಕಿ ಪಕ್ಕ ಕೂತರು. ಪುಸ್ತಕ ಕೊಟ್ಟೆ. ಅವರು ಮೊದಲು ಮಾಡಿದ್ದೇನು ಗೊತ್ತೆ? ಅದನ್ನು ಬೋರಲು ಹಾಕಿ ಹಿಂದಿನ ಹೊದಿಕೆ ನೋಡಿದರು. ಹೊಲಿಗೆಯ ಉದ್ದಕ್ಕೂ ಉಗುರು ಎಳೆದು ಗಂಟು ಹುಡುಕಿದರು. ಸಿಗಲಿಲ್ಲ. ಮೂಲೆಯ ಬಂಗಾರದ ಬೊಟ್ಟು ಮುಟ್ಟಿ ನನ್ನ ಕಡೆ ನೋಡಿ, “ಇಷ್ಟಕ್ಕ ಹೆಂಗ ನಿಂತಿ?” ಎಂದು ಛೇಡಿಸಿದರು. ಆಮೇಲೆ ಹಾಳೆ ತಿರುವತೊಡಗಿದರು. ಗೋಪುರ. ಅದರ ಬೆನ್ನು. ತೊಟ್ಟಿಲು. ಅದರ ಬೆನ್ನು. ಪ್ರತಿ ಹಾಳೆಗೂ ಅಂಗೈ. ಆನೆಯ ಹಾಳೆಗೆ ಬಂದು, ತಿರುವಿ, ಮತ್ತೆ ಹಿಂದಕ್ಕೆ ತಿರುವಿ, ಮತ್ತೆ ಮುಂದಕ್ಕೆ ತಿರುವಿ ಗಟ್ಟಿಯಾಗಿ ನಕ್ಕುಬಿಟ್ಟರು.

“ಹೋದ ಆನಿ ಹೊಳ್ಳಿ ಮನಿಗೆ ಬಂತು ನೋಡ ಶೈಲಾ!”

ನಾನು ಮೊದಲ ಖಾಲಿ ಹಾಳೆ ತೆರೆದು ಮುಂದಿಟ್ಟೆ. “ಅತ್ತೆ, ಇಲ್ಲಿ ನಿಮ್ಮ ಹೆಸರು ಹಾಕಿಸ್ಲಾ?”

ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುವಿ ಇನ್ನೊಮ್ಮೆ ಹಿಡಿದರು. “ಇಲ್ಲಿ ಅಕ್ಷರ ಅಚ್ಚು ಹಾಕಿದ್ರ ಹಿಂದಿನಿಂದ ತಿರುವುಮುರುವು ಕಾಣತದ. ಬ್ಯಾಡ.”

ಅದು ನನಗೆ ಹೊಳೆದೇ ಇರಲಿಲ್ಲ. ಶೈಲಾ ಏನೋ ಹೇಳಲು ಬಾಯಿ ತೆರೆದಳು.

“ಸೂಜಿ ತಾ” ಎಂದರು ಅತ್ತೆ.

ಸೂಜಿಪೆಟ್ಟಿಗೆ ತಂದುಕೊಟ್ಟೆ. ಅವರು ಕೆಂಪು ದಾರ ಪೋಣಿಸಿ, ಹಾಳೆಯ ಕೆಳಗಿನ ಮೂಲೆಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದು, ಆ ಈರುಳ್ಳಿಸಿಪ್ಪೆಯಂಥ ಕಾಗದಕ್ಕೇ ಸೂಜಿ ಇಳಿಸಿದರು. ಎಣಿಸಲು ಎಳೆಯಿಲ್ಲ, ಗೆರೆಯಿಲ್ಲ. ಆದರೂ ಒಂದೊಂದು ಹೊಲಿಗೆಯೂ ಅಳೆದಿಟ್ಟಂತೆ ಬಿತ್ತು. ಒಂದು ಬಿಟ್ಟು ಒಂದು ಹೋದರು, ಬಿಟ್ಟದ್ದನ್ನು ತುಂಬುತ್ತ ಬಂದರು. ಕಾಗದ ಹರಿಯಲಿಲ್ಲ. ಉಗುರಿನಷ್ಟು ಗೋಪುರ ಎದ್ದು ನಿಂತಿತು. ದಾರದ ತುದಿಯನ್ನು ಅಡಗಿಸಿ, ಹಲ್ಲಿನಿಂದ ಕತ್ತರಿಸಿ, ಹಾಳೆ ತಿರುವಿ ಅಂಗೈ ಆಡಿಸಿದರು.

ನಾನು ಅಳುತ್ತಿದ್ದೆ. ಶೈಲಾ ಅಳುತ್ತಿದ್ದಳು. ಅತ್ತೆಗೆ ಅದರ ಪರಿವೆಯೇ ಇರಲಿಲ್ಲ. ದಾರದ ಉಂಡೆಯನ್ನು ಕೈಯಲ್ಲಿ ಹಿಡಿದು ತೂಗುತ್ತಿದ್ದರು.

“ಎಷ್ಟು ಪುಸ್ತಕ ಮಾಡ್ತಿ?”

“ನೂರು, ಅತ್ತೆ.”

“ಹಂಗಾರ ಈ ದಾರ ಸಾಲಂಗಿಲ್ಲ. ವಿಜಯನಗರಕ್ಕ ಹೋಗಿ ಇದೇ ಕೆಂಪಿಂದು ಇನ್ನೊಂದು ಡಜನ್ ತಾ, ಏಳು.”